ಹೊಸ ಪುಸ್ತಕ ಯಾವ ಮಗುವಿನ ಕೈಗೆ? ಶಾಲಾ ಗ್ರಂಥಾಲಯ ನೋಡಿಕೊಳ್ಳುವವರಿಗೊಂದು ಮಾರ್ಗದರ್ಶಿ

ಶಾಲೆಗೆ ಹೊಸ ಪುಸ್ತಕಗಳ ಕಟ್ಟು ಬಂದ ದಿನ ಏನು ಮಾಡಬೇಕೆಂಬುದು ಗ್ರಂಥಾಲಯದ ಜವಾಬ್ದಾರಿ ಹೊತ್ತ ಎಲ್ಲರಿಗೂ ಗೊತ್ತು. ಬಿಲ್ಲಿಗೆ ತಾಳೆ ನೋಡಬೇಕು, ಶಾಲೆಯ ಮೊಹರು ಒತ್ತಬೇಕು, ದಾಸ್ತಾನು ವಹಿಯಲ್ಲಿ ನಂಬರು ಹಾಕಬೇಕು, ಅಲ್ಮಾರಿಯಲ್ಲಿ ಜೋಡಿಸಬೇಕು. ಅದರ ಮುಂದಿನ ಕೆಲಸವನ್ನು ಮಾತ್ರ ಯಾವ ಸುತ್ತೋಲೆಯೂ ಹೇಳಿಕೊಡುವುದಿಲ್ಲ. ಈ ಪುಸ್ತಕವನ್ನು ಯಾವ ಮಗುವಿಗೆ, ಯಾವಾಗ, ಏನು ಹೇಳಿ ಕೊಡಬೇಕು? ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಪುಸ್ತಕ ನೋಡಿಕೊಳ್ಳುತ್ತ ನಾನು ಕಂಡುಕೊಂಡದ್ದು ಇಷ್ಟು: ಮಗುವನ್ನು ಬಲ್ಲ, ಪುಸ್ತಕವನ್ನೂ ಓದಿರುವ ಒಬ್ಬರು ಬಾಯಿ ಬಿಟ್ಟು ಹೇಳಿದರೆ ಪುಸ್ತಕ ಊರೆಲ್ಲ ಓಡಾಡುತ್ತದೆ. ಹೇಳುವವರಿಲ್ಲದಿದ್ದರೆ ಎಷ್ಟು ಚಂದದ ಪುಸ್ತಕವೂ ಬೀಗದೊಳಗೇ ಹಳೆಯದಾಗುತ್ತದೆ.

ನಮ್ಮ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಪ್ರತ್ಯೇಕ ಗ್ರಂಥಪಾಲಕರಿಲ್ಲ. ಕನ್ನಡದ ಮಾಸ್ತರರೋ ಸಮಾಜದ ಅಕ್ಕೋರೋ ಪಾಠದ ಜೊತೆಗೆ ಇದನ್ನೂ ನೋಡುತ್ತಾರೆ. ಅವರಿಗಾಗಿ, ಅರಿವು ಕೇಂದ್ರಗಳೆಂಬ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರಿಗಾಗಿ, ಮನೆಗೆ ಪುಸ್ತಕ ತರುವ ತಂದೆತಾಯಿಗಳಿಗಾಗಿ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನೀವು ಓದಿ

ಇದನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಹಿಂಬದಿಯ ರಕ್ಷಾಪುಟ ನೋಡಿ ಶಿಫಾರಸು ಮಾಡಿದರೆ ಮಕ್ಕಳು ಎರಡೇ ಪ್ರಶ್ನೆಯಲ್ಲಿ ಕಂಡುಹಿಡಿಯುತ್ತಾರೆ. "ನೀವು ಓದೀರೇನ್ರಿ?" ಎಂದು ಕೇಳಿದಾಗ "ಹೌದು, ಓದೀನಿ" ಎನ್ನುವಂತಿರಬೇಕು.

ಮಕ್ಕಳ ಪುಸ್ತಕ ಓದಲು ಬಹಳ ಹೊತ್ತು ಬೇಕಿಲ್ಲ. ಚಿತ್ರಪುಸ್ತಕವಾದರೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎರಡು ಮುಗಿಯುತ್ತವೆ. ಮಕ್ಕಳ ಕಾದಂಬರಿಗೆ ಒಂದು ಸಂಜೆ ಸಾಕು. ಓದುವಾಗ ಕೈಯಲ್ಲೊಂದು ಚೀಟಿ ಇರಲಿ. ಅದರಲ್ಲಿ ಮೂರು ಸಂಗತಿ ಗುರುತು ಹಾಕಿಕೊಳ್ಳಿ: ಗಟ್ಟಿಯಾಗಿ ಓದಿದರೆ ಮಕ್ಕಳು ಕಿವಿ ನಿಮಿರಿಸುವ ಪುಟ ಯಾವುದು, ನಮ್ಮ ಕಡೆಯ ಮಕ್ಕಳಿಗೆ ಗೊತ್ತಿಲ್ಲದ ಮಾತುಗಳು ಎಲ್ಲಿವೆ, ಓದುವಾಗ ನಿಮಗೆ ಯಾವ ಮಗುವಿನ ನೆನಪಾಯಿತು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಹೆಸರೂ ಹೊಳೆಯದೆ ಪುಸ್ತಕ ಮುಗಿದರೆ ಅದನ್ನು ಪಕ್ಕಕ್ಕಿಟ್ಟು, ಇನ್ನೊಬ್ಬ ಶಿಕ್ಷಕರಿಗೆ ಓದಲು ಕೊಡಿ. ಅವರಿಗೆ ಹೊಳೆಯಬಹುದು.

ಎರಡನೆಯದು: ಮಗುವನ್ನು ಮಾತಾಡಿಸಿ

"ನಿನಗೆ ಎಂಥ ಪುಸ್ತಕ ಇಷ್ಟ?" ಎಂದು ಕೇಳಿದರೆ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೇನೂ ಇಲ್ಲದ ಮಗು ಏನು ಹೇಳೀತು? ಸುಮ್ಮನೆ ನಿಲ್ಲುತ್ತದೆ, ಇಲ್ಲವೇ "ಕಥಿ ಪುಸ್ತಕ ಕೊಡ್ರಿ" ಅನ್ನುತ್ತದೆ. ಬೇರೆ ಕಡೆಯಿಂದ ಹೋಗಿ. ಮನೆಯಲ್ಲಿ ಕಥೆ ಹೇಳುವವರು ಯಾರು? ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತಿ? ಯಾವುದಕ್ಕೆ ಹೆದರಿಕೆ? ದೊಡ್ಡವರು ಹೇಳಿದ್ದರಲ್ಲಿ ನಂಬಿಕೆ ಬಾರದ ಸಂಗತಿ ಯಾವುದು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರಗಳು ನನಗೆ ತುಂಬ ಪುಸ್ತಕಗಳನ್ನು ಸೂಚಿಸಿವೆ. ಕುರಿ ಕಾಯುವ ಮನೆಯ ಹುಡುಗ ತೋಳದ ಬಗ್ಗೆ ಮಾತಾಡತೊಡಗಿದರೆ ನಿಲ್ಲಿಸುವುದಿಲ್ಲ. ಗಂಗಾವತಿ ತಾಲ್ಲೂಕಿನಲ್ಲೇ ಬಂಕಾಪುರದ ತೋಳಧಾಮ ಇದೆ. ತೋಳ ಅವನಿಗೆ ಕಥೆಯ ಪ್ರಾಣಿಯಷ್ಟೇ ಅಲ್ಲ, ಹಟ್ಟಿಯಿಂದ ಮರಿ ಹೊತ್ತೊಯ್ಯುವ ಪ್ರಾಣಿ. ಅವನಿಗೆ ನೀತಿಕಥೆಯ ಕೆಟ್ಟ ತೋಳ ಸಾಲದು. ಪ್ರಾಣಿಗಳ ಬದುಕನ್ನು ಇದ್ದ ಹಾಗೆ ಹೇಳುವ ಪುಸ್ತಕ ಬೇಕು, ತಪ್ಪಿದ್ದರೆ ಅವನೇ ತಿದ್ದುತ್ತಾನೆ.

ಓದಿನ ಮಟ್ಟವನ್ನೂ ತಿಳಿಯಬೇಕು, ಆದರೆ ಪರೀಕ್ಷೆಯಂತೆ ಕಾಣಬಾರದು. ಪುಸ್ತಕದ ನಡುವಿನ ಒಂದು ಪುಟ ತೆರೆದು ಮಗು ತಾನೇ ಓದಲಿ. ತಡವರಿಸಿದ ಪ್ರತಿ ಪದಕ್ಕೂ ಒಂದೊಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಸದ್ಯಕ್ಕೆ ಅದು ಕಷ್ಟದ ಪುಸ್ತಕ. ಎರಡು ಮೂರು ಬೆರಳಾದರೆ ಸರಿಯಾದದ್ದು. ಮಕ್ಕಳಿಗೆ ಇದು ಆಟದ ಹಾಗಿರುತ್ತದೆ, ಕೆಲವು ದಿನಗಳಲ್ಲಿ ನಿಮ್ಮನ್ನು ಕೇಳದೆ ತಾವೇ ಮಾಡಿಕೊಳ್ಳುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ, ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಏಳನೇ ತರಗತಿಯಲ್ಲಿದ್ದೂ ಎರಡನೇ ತರಗತಿಯ ಮಟ್ಟದಲ್ಲಿ ಓದುವ ಮಕ್ಕಳು ನಮ್ಮ ಎಲ್ಲ ಶಾಲೆಗಳಲ್ಲೂ ಇದ್ದಾರೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಶಾಲೆ ತಪ್ಪಿದವರು, ಗುಳೆ ಹೋಗಿ ಬಂದವರು. ಅಂಥ ಹುಡುಗನ ಕೈಗೆ ಗೆಳೆಯರೆದುರು ದೊಡ್ಡಕ್ಷರದ ಚಿತ್ರಪುಸ್ತಕ ಕೊಟ್ಟರೆ ಅವನು ಮತ್ತೆ ಗ್ರಂಥಾಲಯದ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಕೆಲಸವನ್ನೇ ಬದಲಿಸಿ ಕೊಡಿ: "ಒಂದನೇತ್ತೆ ಮಕ್ಕಳಿಗೆ ಶುಕ್ರವಾರ ಈ ಪುಸ್ತಕ ಓದಿ ಹೇಳಬೇಕು, ನಿನ್ನ ದನಿ ಚಲೋ ಐತಿ, ತಯಾರಿ ಮಾಡಿಕೊಂಡು ಬಾ." ಅವನು ಅದನ್ನು ಮನೆಯಲ್ಲಿ ಹತ್ತು ಸಲ ಓದುತ್ತಾನೆ, ನಾಚಿಕೆ ಇಲ್ಲದೆ ಓದುತ್ತಾನೆ, ಏಕೆಂದರೆ ಪುಸ್ತಕ ಚಿಕ್ಕವರದು, ಓದುವ ಕೆಲಸ ದೊಡ್ಡವನದು. ಓದು ಹಿಂದುಳಿದ ಮಗುವಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಮನೆಮಾತನ್ನೂ ಮರೆಯಬೇಡಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ತಾಂಡಾದವರು ಲಂಬಾಣಿ, ಪೇಟೆಯ ಓಣಿಗಳಲ್ಲಿ ಉರ್ದು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಯೂ ಇದೆ. ಇವರಿಗೆ ಮಾತು ಕಡಿಮೆ, ಚಿತ್ರ ಹೆಚ್ಚು ಇರುವ ಪುಸ್ತಕ ಕೊಟ್ಟು, "ಮನ್ಯಾಗ ಅಮ್ಮಗ ನಿಮ್ಮ ಮಾತಿನ್ಯಾಗ ಕಥಿ ಹೇಳು" ಎಂದು ಕಳಿಸಿ. ಮರಳಿ ಬಂದಾಗ ಅಮ್ಮ ಏನಂದಳು ಎಂದು ಕೇಳಿ.

ಮೂರನೆಯದು: ಹೊಸದು ಎಲ್ಲಿ ಸಿಗುತ್ತದೆ, ಯಾವುದನ್ನು ಆರಿಸುವುದು

ದೊಡ್ಡ ಊರಿನ ಪುಸ್ತಕದಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡುವ ಅನುಕೂಲ ನಮಗೆ ಕಡಿಮೆ. ಅದಕ್ಕೆ ಕೆಲವು ದಾರಿ ಗುರುತು ಮಾಡಿಟ್ಟುಕೊಳ್ಳಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಪ್ರತಿ ವರ್ಷ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದ ಪಟ್ಟಿಯನ್ನು ವರ್ಷವರ್ಷ ನೋಡುತ್ತಿದ್ದರೆ ಈಗ ಮಕ್ಕಳಿಗಾಗಿ ಬರೆಯುತ್ತಿರುವವರು ಯಾರೆಂದು ತಿಳಿಯುತ್ತದೆ. ಪ್ರಶಸ್ತಿ ಬಂದದ್ದೆಲ್ಲ ನಿಮ್ಮ ಮಕ್ಕಳಿಗೆ ಒಗ್ಗುತ್ತದೆ ಎಂದಲ್ಲ, ಹುಡುಕಾಟ ಶುರುಮಾಡಲು ಅದು ಒಳ್ಳೆಯ ಜಾಗ.

2025ರ ಪುರಸ್ಕಾರ ಕೆ. ಶಿವಲಿಂಗಪ್ಪ ಹಂದಿಹಾಳ ಅವರ "ನೋಟ್‌ಬುಕ್" ಕಥಾ ಸಂಕಲನಕ್ಕೆ ಬಂತು. ಹಂದಿಹಾಳ ಬಳ್ಳಾರಿ ತಾಲ್ಲೂಕಿನ ಊರು. ನಮ್ಮ ಸೀಮೆಯ ಊರಿನ ಹೆಸರು ಪುಸ್ತಕದ ಮೇಲಿರುವುದನ್ನು ಮಕ್ಕಳಿಗೆ ಬೆರಳಿಟ್ಟು ತೋರಿಸಿ. ಬರೆಯುವವರೆಲ್ಲ ಬೆಂಗಳೂರಲ್ಲೋ ಧಾರವಾಡದಲ್ಲೋ ಇರುತ್ತಾರೆ ಎಂದುಕೊಂಡಿರುವ ಮಕ್ಕಳು ಇದನ್ನು ಕಂಡು ಪುಸ್ತಕ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಸಂಕಲನಗಳ ಇನ್ನೊಂದು ಅನುಕೂಲವೆಂದರೆ ಒಂದು ಪಿರಿಯಡ್ಡಿನಲ್ಲಿ ಒಂದು ಕಥೆ ಮುಗಿಸಬಹುದು. 2024ರಲ್ಲಿ ಪುರಸ್ಕಾರ ಪಡೆದ ಕೃಷ್ಣಮೂರ್ತಿ ಬಿಳಿಗೆರೆಯವರ "ಛೂಮಂತ್ರಯ್ಯನ ಕಥೆಗಳು" ಕೂಡ ಹೀಗೆ ಬಿಡಿಬಿಡಿಯಾಗಿ ಓದಬಹುದಾದದ್ದು.

ಉದ್ದ ಓದಿಗೆ ಅಣಿಯಾದವರಿಗೆ ಕಾದಂಬರಿ ಕೊಡಿ. ಬಸು ಬೇವಿನಗಿಡದ ಅವರ "ಓಡಿ ಹೋದ ಹುಡುಗ" 2021ರಲ್ಲಿ, ತಮ್ಮಣ್ಣ ಬೀಗಾರರ "ಬಾವಲಿ ಗುಹೆ" 2022ರಲ್ಲಿ, ವಿಜಯಶ್ರೀ ಹಾಲಾಡಿಯವರ "ಸೂರಕ್ಕಿ ಗೇಟ್" 2023ರಲ್ಲಿ ಪುರಸ್ಕಾರ ಪಡೆದವು. ಮೊದಲನೆಯದರ ಹೆಸರೊಂದೇ ಸಾಕು, ಹುಡುಗರು ಕೈ ಚಾಚುತ್ತಾರೆ. ಉಳಿದೆರಡನ್ನು ಬರೆದವರು ಉತ್ತರ ಕನ್ನಡದ ಮಲೆನಾಡಿನವರು ಮತ್ತು ಕುಂದಾಪುರ ಸೀಮೆಯವರು. ಎರೆಹೊಲ, ಬಂಡೆಗುಡ್ಡ, ಕಾಲುವೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಆ ಕಡೆಯ ಕಾಡು, ಮಳೆ, ಮಾತು ಎಲ್ಲವೂ ಬೇರೆ. ಬೇರೆಯಾಗಿರುವುದೇ ಅದರ ಸೊಗಸು. ಕೊಡುವ ಮೊದಲು ಗೋಡೆಯ ಭೂಪಟದಲ್ಲಿ ಆ ಕಡೆಯನ್ನು ತೋರಿಸಿ, ಅರ್ಥವಾಗದ ನಾಲ್ಕಾರು ಮಾತುಗಳನ್ನು ಬರೆದ ಚೀಟಿಯನ್ನು ಪುಸ್ತಕದೊಳಗೆ ಇಟ್ಟುಬಿಡಿ.

ಪುಸ್ತಕ ಈ ವರ್ಷವೇ ಅಚ್ಚಾಗಿರಬೇಕೆಂಬ ಹಟ ಬೇಡ. ಮಗು ನೋಡಿರದ ಪುಸ್ತಕ ಮಗುವಿಗೆ ಹೊಸದೇ. ನಾ. ಡಿಸೋಜ ಅವರ "ಮುಳುಗಡೆಯ ಊರಿಗೆ ಬಂದವರು" 2011ರಲ್ಲಿ ಪುರಸ್ಕಾರ ಪಡೆದ ಕೃತಿ. ಇದನ್ನು ಮುನಿರಾಬಾದ್, ಹಿಟ್ನಾಳ ಕಡೆಯ ಮಕ್ಕಳಿಗೆ ನಾನು ಎರಡು ಕೈಯಿಂದ ಎತ್ತಿ ಕೊಡುತ್ತೇನೆ. ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಾಗ ಹತ್ತಾರು ಹಳ್ಳಿಗಳು ಹಿನ್ನೀರಿನಡಿ ಹೋದವು. ಎದ್ದು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ನಮ್ಮ ಶಾಲೆಗಳಲ್ಲಿ ಕೂತಿದ್ದಾರೆ. "ನಿಮ್ಮ ಅಜ್ಜ, ಮುತ್ಯಾನ ಊರು ಯಾವುದು, ಈಗ ಎಲ್ಲೈತಿ?" ಎಂದು ಕೇಳಿ ಆಮೇಲೆ ಪುಸ್ತಕ ಕೊಟ್ಟು ನೋಡಿ. ಹಾಗೆಯೇ ಗಾಂಧೀಜಿಯನ್ನು ಬರೀ ಅಕ್ಟೋಬರ್ 2ರ ಭಾಷಣದಲ್ಲಿ ಕಂಡ ಮಕ್ಕಳಿಗೆ ಬೊಳುವಾರು ಮಹಮದ್ ಕುಂಞಿಯವರ "ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ" ಕೊಡಿ, 2010ರ ಮೊದಲ ಪುರಸ್ಕಾರ ಅದಕ್ಕೇ ಬಂದದ್ದು. ಹೈಸ್ಕೂಲಿನ ದೊಡ್ಡ ಮಕ್ಕಳಲ್ಲಿ ಹುಳ, ಹಲ್ಲಿ, ಹಕ್ಕಿಯ ಹಿಂದೆ ಬಿದ್ದವರಿದ್ದರೆ ತೇಜಸ್ವಿಯವರ "ಕರ್ವಾಲೊ" ಇದೆ. ಹಾರುವ ಓತಿಯನ್ನು ಹುಡುಕಿ ಹೋಗುವ ಕಥೆ ಎಂದಷ್ಟೇ ಹೇಳಿ.

ಪುಟ್ಟ ಮಕ್ಕಳ ಚಿತ್ರಪುಸ್ತಕಕ್ಕೆ ದುಡ್ಡಿಲ್ಲವೆಂದು ಕೂರಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ತೆಲುಗು, ಉರ್ದು ಕಥೆಗಳು ಉಚಿತವಾಗಿವೆ. ಅವನ್ನು ಇಳಿಸಿಕೊಂಡು ಮುದ್ರಿಸಿ ಹಂಚಲು ಮುಕ್ತ ಪರವಾನಗಿ ಇದೆ, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರಿರುವ ಪುಟವನ್ನು ಬಿಡದೆ ಸೇರಿಸಬೇಕು, ಅಷ್ಟೆ. ಅಲ್ಲಿ ಕಥೆಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ: ಮೊದಲ ಹಂತದಲ್ಲಿ 250ಕ್ಕಿಂತ ಕಡಿಮೆ ಪದ, ನಾಲ್ಕನೆಯದರಲ್ಲಿ 1,500ಕ್ಕಿಂತ ಹೆಚ್ಚು. ಝೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪಿನಲ್ಲಿ ತೆಗೆಸಿ, ನಡುವೆ ಪಿನ್ ಹೊಡೆದರೆ ಪುಸ್ತಕ ಸಿದ್ಧ. ಬಣ್ಣ ಮಕ್ಕಳೇ ಹಚ್ಚಲಿ.

ಕೊಳ್ಳುವ ವಿಚಾರ ಚುಟುಕಾಗಿ ಹೇಳುತ್ತೇನೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಮಟ್ಟ ನೋಡಿ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಕನ್ನಡ ಪುಸ್ತಕ ಪ್ರಾಧಿಕಾರ ನವೆಂಬರ್ ತಿಂಗಳಲ್ಲಿ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಮಾರುತ್ತದೆ, ಪಟ್ಟಿಯನ್ನು ಅಕ್ಟೋಬರಿನಲ್ಲೇ ಸಿದ್ಧಮಾಡಿಕೊಳ್ಳಿ. ದಪ್ಪ ರಟ್ಟಿನ ವಿಶ್ವಕೋಶದ ಸೆಟ್ಟಿಗೆ ಇಡೀ ಅನುದಾನ ಸುರಿಯುವ ಬದಲು, ಒಂದು ಒಳ್ಳೆಯ ಕಾದಂಬರಿಯ ಐದು ಪ್ರತಿ ತನ್ನಿ. ಐದು ಮಕ್ಕಳು ಒಟ್ಟಿಗೆ ಓದಿದರೆ ಅವರ ನಡುವೆ ಮಾತು ಹುಟ್ಟುತ್ತದೆ.

ಬೇಡವೆಂದು ಪಕ್ಕಕ್ಕಿಡಬೇಕಾದವೂ ಇವೆ. ಮೈಬಣ್ಣವನ್ನು, ಜಾತಿಯನ್ನು, ಕುಂಟುವವರನ್ನು ನಗೆಗೆ ಗುರಿಮಾಡುವ ಕಥೆಗಳು. ಹುಡುಗಿ ಬರೀ ನೀರು ತಂದು ರೊಟ್ಟಿ ಬಡಿಯುವ, ಹುಡುಗ ಮಾತ್ರ ಸಾಹಸ ಮಾಡುವ ಪುಸ್ತಕಗಳು. ಹೊಳೆಯುವ ಕಾಗದದಲ್ಲಿ ತಪ್ಪು ಮಾಹಿತಿ ತುಂಬಿದ ಸಾಮಾನ್ಯ ಜ್ಞಾನದ ಪುಸ್ತಕಗಳು. ಓದಿದರೆ ನಾಲಿಗೆ ತೊಡರುವ ಅನುವಾದಗಳು. ದಾನವಾಗಿ ಬಂದವೆಂಬ ಮುಲಾಜಿಗೆ ಇವನ್ನು ಮಕ್ಕಳ ಕೈಗೆ ಕೊಡಬೇಡಿ.

ನಾಲ್ಕನೆಯದು: ಎರಡು ನಿಮಿಷ ಹೇಳಿ, ನಿಲ್ಲಿಸಿ

ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ, ಮಕ್ಕಳು ಸಾಲಿನಲ್ಲಿರುವಾಗಲೇ ಹೇಳುವುದು ಒಳ್ಳೆಯದು. ಒಂದು ದಿನಕ್ಕೆ ಒಂದೇ ಪುಸ್ತಕ. ಎತ್ತಿ ಮುಖಪುಟ ತೋರಿಸಿ, ಹೆಸರು ಮತ್ತು ಬರೆದವರ ಹೆಸರು ಹೇಳಿ, ಕಥೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಎರಡು ವಾಕ್ಯದಲ್ಲಿ ಹೇಳಿ. ಆಮೇಲೆ ಚೀಟಿ ಇಟ್ಟ ಪುಟ ತೆರೆದು ಗಟ್ಟಿಯಾಗಿ ಓದಿ. ಏನೋ ಆಗಲಿದೆ ಎನ್ನುವಲ್ಲಿಗೆ ಮುಚ್ಚಿಬಿಡಿ. "ಮುಂದ ಏನಾತ್ರಿ?" ಎಂಬ ಕೂಗು ಬಂದರೂ ಹೇಳಬೇಡಿ.

ಹೇಳಬಾರದ್ದು ಇನ್ನೂ ಇದೆ. "ಈ ಪುಸ್ತಕ ಓದಿದರೆ ಒಳ್ಳೆಯ ಗುಣ ಬರುತ್ತದೆ", "ಪರೀಕ್ಷೆಗೆ ಉಪಯೋಗ" ಎಂಬ ಮಾತು ಬಂದ ಕ್ಷಣ ಮಕ್ಕಳ ಕಣ್ಣು ಬೇರೆ ಕಡೆ ಹೋಗುತ್ತದೆ. ನಿಮಗೆ ಅದರಲ್ಲಿ ಏನು ಹಿಡಿಸಿತೋ ಅದನ್ನು ಹೇಳಿ. ಎಲ್ಲಿ ನಗು ಬಂತು, ಎಲ್ಲಿ ಗಂಟಲು ಕಟ್ಟಿತು. ದೊಡ್ಡವರು ಪುಸ್ತಕ ಓದಿ ಅತ್ತದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಾಗ ಮಕ್ಕಳು ಗಂಭೀರವಾಗಿ ಕೇಳುತ್ತಾರೆ.

ಸಾಲಿನ ಮುಂದೆ ಹೇಳುವುದು ಎಲ್ಲರಿಗಾಗಿ. ಒಬ್ಬರಿಗೇ ಹೇಳುವುದು ಇದಕ್ಕಿಂತ ಹೆಚ್ಚು ನಾಟುತ್ತದೆ. ವರಾಂಡದಲ್ಲಿ ಎದುರಾದಾಗ, "ಇದನ್ನ ಓದುವಾಗ ನಿನ್ನ ನೆನಪಾತು" ಎಂದು ಪುಸ್ತಕ ಕೈಗಿಡಿ. ಕಾರಣವನ್ನೂ ಹೇಳಿ. ಮನೆಯಲ್ಲಿ ಸಾವಾಗಿರುವ, ಅಪ್ಪ ಬಿಟ್ಟುಹೋಗಿರುವ ಮಗುವಿಗೆ ಅಂಥದೇ ಕಥೆಯ ಪುಸ್ತಕವನ್ನು ಮಾತ್ರ ಹೀಗೆ ನೇರವಾಗಿ ಕೊಡಬೇಡಿ. ನಾಲ್ಕೈದು ಪುಸ್ತಕಗಳ ನಡುವೆ ಅದನ್ನೂ ಇಟ್ಟು, ಆರಿಸುವುದನ್ನು ಮಗುವಿಗೇ ಬಿಡಿ.

ಎಲ್ಲರಿಗೂ ಒಂದೇ ಪುಸ್ತಕ ಬೇಕಾದಾಗ ಜಗಳ ಆಗುತ್ತದೆ. ಪಾಳಿ ಬರೆದು ಗೋಡೆಗೆ ಅಂಟಿಸಿ. ಪಾಳಿ ಕಾಯುವವರಿಗೆ ಅದೇ ಬಗೆಯ ಇನ್ನೊಂದನ್ನು ಆಗಲೇ ಕೊಡಿ. ಹೀಗೆ ಕಾಯುವಾಗ ಸಿಕ್ಕಿದ ಪುಸ್ತಕವೇ ಎಷ್ಟೋ ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ.

ಐದನೆಯದು: ಮಕ್ಕಳೇ ಮಕ್ಕಳಿಗೆ ಹೇಳಲಿ

ಪ್ರತಿ ಪುಸ್ತಕದ ಕೊನೆಯ ಪುಟಕ್ಕೆ ಒಂದು ಖಾಲಿ ಹಾಳೆ ಅಂಟಿಸಿ. ಓದಿದವರು ಒಂದೆರಡು ಸಾಲು ಬರೆಯಲಿ, ಮಾತಾಡುವ ಹಾಗೆಯೇ ಬರೆಯಲಿ, ಕಾಗುಣಿತ ತಿದ್ದಬೇಡಿ. "ಭಾಳ ಚಲೋ ಐತಿ, ಆದ್ರ ಕೊನೀಕ ಬ್ಯಾಸರ ಆಕೈತಿ" ಎಂದು ಐದನೇ ತರಗತಿಯ ಹುಡುಗಿ ಬರೆದರೆ ಅದರ ಮುಂದೆ ನಮ್ಮ ಯಾವ ಶಿಫಾರಸೂ ನಿಲ್ಲದು. ಹಿಡಿಸಲಿಲ್ಲವೆಂದು ಬರೆಯಲೂ ಅವರಿಗೆ ಅವಕಾಶವಿರಬೇಕು. ಸಂಭ್ರಮ ಶನಿವಾರದಂದು ಚೀಲದ ಹೊರೆ ಇಲ್ಲ, ಆ ದಿನ ಇಬ್ಬರು ಮೂವರು ಮಕ್ಕಳು ತಾವು ಓದಿದ್ದನ್ನು ಉಳಿದವರಿಗೆ ಹೇಳಲಿ. ಹೇಳಲು ಬಾರದವರು ಒಂದು ಚಿತ್ರ ಬರೆದು ತರಲಿ.

ಆರನೆಯದು: ಪುಸ್ತಕ ಮನೆಗೆ ಹೋಗಲಿ, ಗುಳೆಗೂ ಹೋಗಲಿ

ಹರಿಯುತ್ತದೆ, ಕಳೆಯುತ್ತದೆ ಎಂಬ ಭಯಕ್ಕೆ ಪುಸ್ತಕ ಬೀಗದೊಳಗೆ ಉಳಿದರೆ ಗೆದ್ದಲು ಓದುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿ ಕಳಿಸಿ. ಹರಿದು ಬಂದದ್ದನ್ನು ಮಗುವಿನ ಜೊತೆ ಕೂತು ಅಂಟಿಸಿ. ದಂಡ ಹಾಕಬೇಡಿ, ದಂಡಕ್ಕೆ ಹೆದರಿದ ಮನೆಯವರು "ಪುಸ್ತಕ ತರಬ್ಯಾಡ" ಎಂದು ಮಗುವಿಗೇ ತಾಕೀತು ಮಾಡುತ್ತಾರೆ.

ಗುಳೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸುಗ್ಗಿ ಮುಗಿದು ಬೆಂಗಳೂರಿಗೋ ಗೋವಾಕ್ಕೋ ಹೊರಡುವ ಕುಟುಂಬದ ಮಗು ಪುಸ್ತಕ ಕೇಳಿದರೆ ಕೊಟ್ಟು ಕಳಿಸಿ. ಮರಳಿ ಬರುವ ಹೊತ್ತಿಗೆ ಓದು ಮರೆತಿರಬಾರದು, ಅದಕ್ಕೆ ಅಲ್ಲಿನ ಶೆಡ್ಡಿನಲ್ಲಿ ಒಂದಾದರೂ ಕನ್ನಡ ಪುಸ್ತಕ ಇರಬೇಕು. ಮೊದಲೇ ಓದಿ ಹಿಡಿಸಿದ ಪುಸ್ತಕ ಒಂದು, ಹೊಸದು ಒಂದು ಕೊಡಿ. ಒಬ್ಬಂಟಿ ಮಗುವಿಗೆ ಪರಿಚಯದ ಪುಸ್ತಕ ಧೈರ್ಯ ಕೊಡುತ್ತದೆ. ಅಪ್ಪನ ಫೋನಿಗೆ ಸ್ಟೋರಿವೀವರಿನ ನಾಲ್ಕಾರು ಕಥೆಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿಡಿ. ವಹಿಯಲ್ಲಿ "ಗುಳೆ" ಎಂದು ಬರೆದು ಮುಖ್ಯ ಶಿಕ್ಷಕರ ಸಹಿ ಹಾಕಿಸಿಕೊಂಡರೆ ದಾಸ್ತಾನು ಪರಿಶೀಲನೆಯ ದಿನ ತೊಡಕಾಗುವುದಿಲ್ಲ.

ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮೊದಲು ಮಕ್ಕಳನ್ನು ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗಿ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮಗುವಿನ ಹೆಸರು ಬರೆಸುವುದಷ್ಟೇ ಅಲ್ಲ, ಯಾವ ಮಗು ಎಂಥದನ್ನು ಓದುತ್ತದೆ ಎಂದು ಅಲ್ಲಿಯ ಮೇಲ್ವಿಚಾರಕರಿಗೂ ಹೇಳಿ ಬನ್ನಿ.

ಓದದೆ ಮರಳಿಸಿದರೆ

ಇದು ಆಗಾಗ ಆಗುತ್ತದೆ, ಆಗಬೇಕಾದದ್ದೂ ಹೌದು. "ಯಾಕೆ ಓದಲಿಲ್ಲ?" ಎಂದು ಕೇಳಬೇಡಿ, ಮಗು ಸುಳ್ಳು ಹೇಳಲು ಕಲಿಯುತ್ತದೆ. "ಎಲ್ಲೀತನಕ ಓದಿದಿ?" ಎಂದು ಕೇಳಿ. ಎರಡನೇ ಪುಟಕ್ಕೇ ನಿಲ್ಲಿಸಿದ್ದರೆ ಮಾತು ಕಷ್ಟವಾಗಿದೆ, ಒಂದು ಹಂತ ಕೆಳಗಿನದು ಕೊಡಿ. ನಡುವಿನಲ್ಲಿ ಬಿಟ್ಟಿದ್ದರೆ ಕಥೆ ಹಿಡಿಸಿಲ್ಲ, ಬೇರೆ ಬಗೆಯದು ಕೊಡಿ. ಕೊನೆಯ ಕೆಲವು ಪುಟ ಉಳಿಸಿ ತಂದಿದ್ದರೆ ಮನೆಯಲ್ಲಿ ಕೆಲಸ ಬಂದಿದೆ, ಇನ್ನೊಂದು ವಾರ ಇಟ್ಟುಕೊಳ್ಳಲು ಹೇಳಿ. ಮೂರರಲ್ಲಿ ಯಾವುದಾಯಿತು ಎಂಬುದನ್ನು ವಹಿಯಲ್ಲಿ ಮಗುವಿನ ಹೆಸರಿನ ಮುಂದೆ ಒಂದು ಸಾಲು ಬರೆದಿಡಿ. ಮುಂದಿನ ಅನುದಾನ ಬಂದಾಗ ಪ್ರಕಾಶಕರ ಪಟ್ಟಿಗಿಂತ ಮೊದಲು ಆ ವಹಿಯನ್ನು ತೆರೆದು ಕೂತು, ಕೊಳ್ಳಬೇಕಾದ ಪುಸ್ತಕಗಳಿಗೆ ಅಲ್ಲಿಂದಲೇ ಗುರುತು ಹಾಕಿ.